ಸೆರೆಯ ಆಟವೂ ಸೆರೆಯವರ ಸ್ಮರಣೆಯೂ: ಪಾತ್ರಾಭಿನಯದ ಆಟಗಳಲ್ಲಿ ಬಂಧನ ಮತ್ತು ಚಿತ್ರಹಿಂಸೆ

1. ಪೀಠಿಕೆ

ಇಬ್ರಿಯರಿಗೆ ಬರೆದ ಪತ್ರಿಕೆಯ ಕರ್ತೃವು ತನ್ನ ಕೊನೆಯ ಅಧ್ಯಾಯದಲ್ಲಿ ಸಭೆಯ ಮುಂದಿಡುವ ಕರ್ತವ್ಯಗಳಲ್ಲಿ ಒಂದು, ಕೇಳುವವರ ಕಲ್ಪನಾಶಕ್ತಿಯನ್ನೇ ನೇರವಾಗಿ ಕೆಲಸಕ್ಕೆ ಹಚ್ಚುತ್ತದೆ. ಸೆರೆಯಲ್ಲಿರುವವರನ್ನು ನೆನೆಯುವುದು ಮಾತ್ರ ಸಾಲದು. ತಾವೂ ಅದೇ ಸರಪಣಿಯಲ್ಲಿ ಬಿಗಿಯಲ್ಪಟ್ಟವರೋ ಎಂಬಂತೆ ನೆನೆಯಬೇಕು. ಹಿಂಸೆಗೆ ಗುರಿಯಾದವರನ್ನು, ತಮಗೂ ನೋಯಬಲ್ಲ ಒಂದು ದೇಹವಿದೆಯೆಂಬ ಅರಿವಿನಿಂದ ನೆನೆಯಬೇಕು (13:3). ಈ ವಾಕ್ಯದ ಭಾರವೆಲ್ಲ ಗ್ರೀಕಿನ ‘ಹೋಸ್’ ಎಂಬ ಪುಟ್ಟ ಅವ್ಯಯದ ಮೇಲೆ, ಅಂದರೆ ನಮ್ಮ ‘ಎಂಬಂತೆ’ಯ ಮೇಲೆ ನಿಂತಿದೆ. ಅನ್ಯನ ಸ್ಥಾನದಲ್ಲಿ ತನ್ನನ್ನು ಇರಿಸಿಕೊಳ್ಳುವ ಸಾಮರ್ಥ್ಯವನ್ನು ಪತ್ರಿಕೆಯು ಪ್ರೀತಿಯ ಅಂಗವೆಂದೇ ಎಣಿಸುತ್ತದೆ.

ಈ ‘ಎಂಬಂತೆ’ಯನ್ನೇ ಬಂಡವಾಳವಾಗಿ ಮಾಡಿಕೊಂಡ ಆಟವೊಂದು ಕಳೆದ 50 ವರ್ಷಗಳಲ್ಲಿ ಲೋಕದಾದ್ಯಂತ ಹರಡಿದೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೊದಲಾದ ಪಾತ್ರಾಭಿನಯದ ಆಟಗಳು ಈಗ ನಮ್ಮ ನಗರಗಳ ಯುವಜನರಿಗೂ ಪರಿಚಿತ. 2016ರಲ್ಲಿ ಆರಂಭವಾದ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯಿಂದಲೂ, 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಎಂಬ ಗಣಕಯಂತ್ರದ ಆಟದಿಂದಲೂ ಅವುಗಳ ಹೆಸರನ್ನು ಕೇಳದ ಕಾಲೇಜು ವಿದ್ಯಾರ್ಥಿಗಳು ಕಡಿಮೆ. ಈ ಆಟಗಳಲ್ಲಿ ಆಡುವವರ ಪಾತ್ರಗಳು ಶತ್ರುವಿನ ಕೈಗೆ ಸಿಕ್ಕಿ ಸೆರೆಯಾದಾಗ, ಹಿಂಸೆಗೊಳಗಾದಾಗ, ಕಥೆಯನ್ನು ಹೇಗೆ ನಡೆಸಬೇಕು ಎಂಬುದು ಆಡುವವರಲ್ಲಿಯೇ ಬಹುಕಾಲದಿಂದ ಚರ್ಚೆಯಲ್ಲಿರುವ ಪ್ರಶ್ನೆ. ಅವರಿಗೆ ಅದು ಆಟದ ಕುಶಲತೆಯ ಪ್ರಶ್ನೆ. ಶಿಲುಬೆಗೇರಿಸಲ್ಪಟ್ಟ ಒಬ್ಬ ಸೆರೆಯಾಳನ್ನು ಕರ್ತನೆಂದು ಅರಿಕೆಮಾಡುವ ಸಭೆಗೆ ಅದು ದೈವಶಾಸ್ತ್ರದ ಪ್ರಶ್ನೆಯೂ ಹೌದು. ಸೆರೆಯನ್ನು ಆಡುವುದರಿಂದ ಸೆರೆಯವರ ನೆನಪು ನಮ್ಮಲ್ಲಿ ಹರಿತವಾಗುತ್ತದೆಯೋ, ಮೊಂಡಾಗುತ್ತದೆಯೋ? ಈ ಲೇಖನವು ಆ ಪ್ರಶ್ನೆಯನ್ನು ಎರಡು ಪ್ರಕಟಿತ ಆಟಕಥೆಗಳ ಮತ್ತು ಆಟದ ಕೆಲವು ನಿಯಮಗಳ ಆಧಾರದಿಂದ ಪರಿಶೀಲಿಸುತ್ತದೆ.

2. ಆಟದ ಸ್ವರೂಪ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಪಟ್ಟಣದಿಂದ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟದ ಮೊದಲ ರೂಪವನ್ನು ಪ್ರಕಟಿಸಿದರು. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ: ಯೋಧ, ಮಂತ್ರವಾದಿ, ಕಳ್ಳ, ಪುರೋಹಿತ. ಇನ್ನೊಬ್ಬನು ನಿರೂಪಕ, ಆಟದ ಭಾಷೆಯಲ್ಲಿ ‘ಡಂಜನ್ ಮಾಸ್ಟರ್’. ಲೋಕವನ್ನೂ ಅದರೊಳಗಿನ ಶತ್ರುಮಿತ್ರರನ್ನೂ ಅವನೇ ನಡೆಸುತ್ತಾನೆ. ಸನ್ನಿವೇಶವನ್ನು ವರ್ಣಿಸಿ, ‘ಈಗ ನೀವೇನು ಮಾಡುತ್ತೀರಿ?’ ಎಂದು ಕೇಳುತ್ತಾನೆ. ಆಡುವವರು ಉತ್ತರಿಸುತ್ತಾರೆ, ಫಲ ಸಂದಿಗ್ಧವಾಗಿದ್ದಲ್ಲಿ 20 ಮುಖಗಳ ದಾಳವು ತೀರ್ಮಾನಿಸುತ್ತದೆ. ಸೋಲುಗೆಲುವುಗಳ ಲೆಕ್ಕ ಇಲ್ಲಿ ಮುಖ್ಯವಲ್ಲ. ಎಲ್ಲರೂ ಕೂಡಿ ಒಂದು ಕಥೆಯನ್ನು ಬೆಳೆಸುವುದು ಮುಖ್ಯ. ಆಟದ ಪ್ರಾಣವಿರುವುದು ನಿರೂಪಕನ ಆ ಒಂದು ಪ್ರಶ್ನೆಯಲ್ಲಿ. ಉತ್ತರಿಸುವ ಸ್ವಾತಂತ್ರ್ಯ ಇರುವವರೆಗೆ ಆಡುವವನು ಆಡುವವನು. ಅದು ಇಲ್ಲವಾದರೆ ಅವನು ಕೇವಲ ಶ್ರೋತೃ.

ಆಟದ ಹೆಸರಿನಲ್ಲಿರುವ ‘ಡಂಜನ್’ ಎಂಬ ಪದದ ಅರ್ಥ ನೆಲದಡಿಯ ಸೆರೆಮನೆ. ಆಟವು ಆ ಪದವನ್ನು ತಿರುವುಮುರುವು ಮಾಡಿತು. ಸೆರೆಯವರು ಕೊಳೆಯುವ ಕತ್ತಲಕೋಣೆಯು ಸಾಹಸಿಗಳು ತಾವಾಗಿಯೇ ಇಳಿದು ನಿಧಿಯನ್ನು ಸೂರೆಮಾಡುವ ಸ್ಥಳವಾಯಿತು. ಕ್ರೈಸ್ತ ಓದುಗರಿಗೆ ಇದು ತೀರ ಅಪರಿಚಿತವಾದ ಚಿತ್ರವಲ್ಲ. ಸೆರೆಯಲ್ಲಿದ್ದ ಆತ್ಮಗಳ ಬಳಿಗೆ ಕ್ರಿಸ್ತನು ಹೋಗಿ ಸಾರಿದನೆಂಬ ಪೇತ್ರನ ಮಾತಿನ ಮೇಲೆ (1 ಪೇತ್ರ 3:19) ಆದಿಸಭೆಯು ಪಾತಾಳದ ಸೂರೆಯ ಮಹಾಕಥನವನ್ನೇ ಕಟ್ಟಿತು. ಭೇದವೆಂದರೆ, ಅಲ್ಲಿ ಇಳಿದವನು ತಂದದ್ದು ಹೊನ್ನನ್ನಲ್ಲ, ಮನುಷ್ಯರನ್ನು. ಆಟದೊಳಗಿನ ಪಾತ್ರವು ಸೆರೆಯಾದ ಕ್ಷಣದಲ್ಲಿ ‘ಡಂಜನ್’ ಎಂಬ ಪದವು ತನ್ನ ಮೂಲಾರ್ಥಕ್ಕೆ ಮರಳುತ್ತದೆ. ಸೂರೆಗಾರನು ಬಂದಿಯಾಗುತ್ತಾನೆ.

3. ಹಳೆಯ ವಿರೋಧವು ನೋಡದೆ ಬಿಟ್ಟದ್ದು

1980ರ ದಶಕದಲ್ಲಿ ಅಮೆರಿಕದ ಕೆಲವು ಕ್ರೈಸ್ತ ವಲಯಗಳು ಈ ಆಟವನ್ನು ಸೈತಾನನ ಬಲೆಯೆಂದು ಖಂಡಿಸಿದವು. 1984ರಲ್ಲಿ ಜ್ಯಾಕ್ ಚಿಕ್ ಪ್ರಕಟಿಸಿದ ‘ಡಾರ್ಕ್ ಡಂಜನ್ಸ್’ ಎಂಬ ಚಿತ್ರಕಥೆಯ ಕರಪತ್ರವು ಈ ಬಗೆಯ ಖಂಡನೆಯ ಪ್ರಸಿದ್ಧ ಮಾದರಿ. ಆಟದಲ್ಲಿ ದೆವ್ವಗಳ ಹೆಸರುಗಳಿವೆ, ಮಂತ್ರಗಳಿವೆ ಎಂಬುದು ಅವರ ಮುಖ್ಯ ಆಕ್ಷೇಪ. 1989ರಲ್ಲಿ ಪ್ರಕಾಶಕರು ಎರಡನೆಯ ಆವೃತ್ತಿಯನ್ನು ಹೊರತಂದಾಗ ದೆವ್ವ, ಪಿಶಾಚಿಗಳೆಂಬ ಹೆಸರುಗಳನ್ನೇ ಕೈಬಿಟ್ಟರು; ಅದೇ ಜೀವಿಗಳು ಬಳಿಕ ಬೇರೆ ಹೆಸರುಗಳಿಂದ ಮರಳಿದವು.

ಆದರೆ 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ ಗ್ರಂಥದ ಅನುಬಂಧದಲ್ಲಿ, ನಿರೂಪಕನು ತನ್ನ ನೆಲಮಾಳಿಗೆಗಳನ್ನು ಸಜ್ಜುಗೊಳಿಸಲು ನೆರವಾಗುವ ಪಟ್ಟಿಗಳ ನಡುವೆ, ಚಿತ್ರಹಿಂಸೆಯ ಕೋಣೆಯ ಸಾಮಗ್ರಿಗಳ ಒಂದು ಪಟ್ಟಿಯೂ ಇತ್ತು. ಮೇಜು, ಕುರ್ಚಿ, ಪಾತ್ರೆಪರಡಿಗಳಂತೆಯೇ ಮೈಯನ್ನು ಎಳೆದು ಹಿಗ್ಗಿಸುವ ಯಂತ್ರ, ಹೆಬ್ಬೆರಳು ಹಿಸುಕುವ ತಿರುಪು. ದೆವ್ವಗಳ ಹೆಸರಿಗೆ ಬೆಚ್ಚಿದ ವಿಮರ್ಶಕರು ಈ ಪಟ್ಟಿಯ ಮೇಲೆ ನಿಲ್ಲಲಿಲ್ಲ. ಹಿಂಸೆಯ ಸಲಕರಣೆಯು ಗೃಹಾಲಂಕಾರದ ಸಾಲಿಗೆ ಸೇರಿಹೋದದ್ದೇ ಹೆಚ್ಚು ಗಂಭೀರವಾದ ಆತ್ಮಿಕ ಅಪಾಯವೆಂದು ನನ್ನ ಅಭಿಪ್ರಾಯ. ಪಿಶಾಚಿಯ ಹೆಸರನ್ನು ಓದಿ ಪಿಶಾಚಿಯನ್ನು ಪೂಜಿಸಿದವರು ವಿರಳ. ಹಿಂಸೆಯು ಲೋಕದ ಸಹಜ ಸಾಮಗ್ರಿಯೆಂದು ಒಪ್ಪಿಕೊಂಡು ಬದುಕುವವರಾದರೋ ನಮ್ಮ ಪ್ರಾರ್ಥನಾಮಂದಿರಗಳಲ್ಲಿಯೂ ಕುಳಿತಿದ್ದಾರೆ.

4. ಎರಡು ಸೆರೆಗಳು

ಮೊದಲನೆಯ ನಿದರ್ಶನ 1980–81ರ ‘ಸ್ಲೇವ್ ಲಾರ್ಡ್ಸ್’ ಸರಣಿ. ಮನುಷ್ಯರನ್ನು ಹಿಡಿದು ಮಾರುವ ದೊರೆಗಳ ವಿರುದ್ಧ ಸಾಹಸಿಗಳು ನಡೆಸುವ ದಂಡಯಾತ್ರೆಯೇ ಈ ನಾಲ್ಕು ಭಾಗಗಳ ವಸ್ತು. ಇದನ್ನು ಮೊದಲು ಸ್ಪರ್ಧೆಗಾಗಿ ರಚಿಸಲಾಗಿತ್ತು. ಮೂರನೆಯ ಭಾಗದ ಕೊನೆಯಲ್ಲಿ ಸಾಹಸಿಗಳು ಹೇಗೆ ಹೋರಾಡಿದರೂ ಸೆರೆಯಾಗಲೇಬೇಕೆಂಬುದು ಕಥೆಯ ಏರ್ಪಾಡು. ಲಾರೆನ್ಸ್ ಶಿಕ್ ಬರೆದ ನಾಲ್ಕನೆಯ ಭಾಗವು (‘ಇನ್ ದ ಡಂಜನ್ಸ್ ಆಫ್ ದ ಸ್ಲೇವ್ ಲಾರ್ಡ್ಸ್’, 1981) ಆರಂಭವಾಗುವಾಗ ಅವರು ಕತ್ತಲ ಗುಹೆಗಳಲ್ಲಿ, ಆಯುಧವಿಲ್ಲದೆ, ಮಂತ್ರಗ್ರಂಥವಿಲ್ಲದೆ, ಸೊಂಟದ ತುಂಡುಬಟ್ಟೆಯೊಂದರಲ್ಲಿ ನಿಂತಿರುತ್ತಾರೆ. ಇಲ್ಲಿಯವರೆಗೆ ಗಳಿಸಿದ ಸಂಪತ್ತು, ಪದವಿ, ಶಸ್ತ್ರ ಎಲ್ಲವೂ ಹೋಗಿದೆ. ಉಳಿದದ್ದು ಬುದ್ಧಿ ಮತ್ತು ಒಡನಾಡಿಗಳು.

ಈ ರಚನೆಯಲ್ಲಿ ಒಂದು ಪ್ರಾಮಾಣಿಕತೆಯಿದೆ. ಹಿಂಸೆಯ ದೃಶ್ಯವನ್ನು ರಸಾಸ್ವಾದಕ್ಕೆ ಒಡ್ಡಿಕೊಂಡು ಅದು ನಡೆಯುವುದಿಲ್ಲ. ಬರಿಗೈಯಲ್ಲಿ ಏನು ಮಾಡಬಲ್ಲಿರಿ ಎಂದು ಕೇಳುತ್ತದೆ. ಗುಲಾಮರನ್ನು ಬಿಡಿಸಲು ಹೊರಟವರು ತಾವೇ ಗುಲಾಮರ ಸ್ಥಿತಿಗೆ ಬೀಳುವುದರಲ್ಲಿ ನೈತಿಕವಾದ ಸಾಧ್ಯತೆಯೂ ಇದೆ. ಆದರೆ ಸೆರೆಗೆ ಬೀಳುವ ಆ ಗಳಿಗೆಯಲ್ಲಿ ಆಡುವವರ ಯಾವ ಉತ್ತರಕ್ಕೂ ಬೆಲೆಯಿಲ್ಲ. ಕಥೆಯು ಅವರನ್ನು ಕಟ್ಟುವ ಮೊದಲೇ ಕಥೆಗಾರನು ಕಟ್ಟಿರುತ್ತಾನೆ. ಶತ್ರುವಿಗೆ ಶರಣಾಗುವುದಕ್ಕಿಂತ ಪಾತ್ರವು ಹೋರಾಡಿ ಸಾಯಲಿ ಎಂದು ಬಯಸುವ ಆಡುಗರು ಹಲವರಿರುವುದೇಕೆ ಎಂಬುದು ಇದರಿಂದ ತಿಳಿಯುತ್ತದೆ. ಮರಣದಲ್ಲಿ ಪಾತ್ರವೊಂದು ಮುಗಿಯುತ್ತದೆ, ಅಷ್ಟೆ. ಸೆರೆಯಲ್ಲಿ ಪಾತ್ರವಿರುತ್ತದೆ, ಆದರೆ ಅದರ ಇಚ್ಛೆಯು ಇನ್ನೊಬ್ಬನ ಕೈಯಲ್ಲಿರುತ್ತದೆ.

ಎರಡನೆಯ ನಿದರ್ಶನ 2015ರ ‘ಔಟ್ ಆಫ್ ದ ಅಬಿಸ್’. ಇಲ್ಲಿ ಸೆರೆಯು ಕಥೆಯ ನಡುವೆ ಬಂದೆರಗುವ ಆಘಾತವಲ್ಲ. ಕಥೆಯು ಸೆರೆಯಲ್ಲಿಯೇ ಹುಟ್ಟುತ್ತದೆ. ಭೂಮಿಯ ಆಳದಲ್ಲಿ ವೆಲ್ಕಿನ್‌ವೆಲ್ವ್ ಎಂಬ ಕಾವಲುಠಾಣೆಯಲ್ಲಿ, ಡ್ರೌ ಜನಾಂಗದ ಪುರೋಹಿತೆ ಇಲ್ವಾರಾಳ ಬಂದಿಗಳಾಗಿ ಪಾತ್ರಗಳು ಕಣ್ಣು ತೆರೆಯುತ್ತವೆ. ಈ ಕೃತಿಯ ಮುಖ್ಯವಾದ ಸಾಧನೆ ಅದರ ಸಹಬಂದಿಗಳು. ಅದೇ ಸೆರೆಯಲ್ಲಿ ಹತ್ತು ಮಂದಿ ಬೇರೆ ಬೇರೆ ಜನಾಂಗಗಳವರಿದ್ದಾರೆ: ಕುಬ್ಜಜನಾಂಗದ ಯೋಧೆ ಎಲ್ಡೆತ್, ಅವಳ ಜನರಿಗೆ ಹಗೆಯಾದ ಓರ್ಕ್ ಕುಲದ ರಾಂಟ್, ಯಾರ ಮೇಲೂ ಕೈಯೆತ್ತದ ವ್ರತಧಾರಿ ಶೂಶಾರ್, ನಾಯಿಕೊಡೆಯ ಜೀವಿಗಳ ಪುಟ್ಟ ಮರಿ ಸ್ಟೂಲ್. ಹೊರಗೆ ಒಬ್ಬರನ್ನೊಬ್ಬರು ಕೊಲ್ಲುವವರು ಒಳಗೆ ಒಂದೇ ಗೋಡೆಗೆ ಒರಗಿದ್ದಾರೆ. ಕಾವಲುಗಾರರಲ್ಲಿಯೂ ಬಿರುಕಿದೆ: ಅವಮಾನಿತನಾದ ಜೋರ್ಲಾನ್ ಎಂಬ ಯೋಧನು ತನ್ನದೇ ಆದ ದ್ವೇಷದಿಂದ ಬಂದಿಗಳ ಓಟಕ್ಕೆ ಬಾಗಿಲು ತೆರೆದಿಡಬಲ್ಲನು. ತಪ್ಪಿಸಿಕೊಳ್ಳುವ ದಾರಿಯೂ ಒಂದಲ್ಲ, ಹಲವು. ದಿನದಿನದ ದುಡಿಮೆಗೆ ಹೊರಗೆ ಕರೆದಾಗ ಏನನ್ನು ಕಂಡರು, ಏನನ್ನು ಬಚ್ಚಿಟ್ಟರು, ಯಾರನ್ನು ನಂಬಿದರು ಎಂಬ ಸಣ್ಣ ಸಣ್ಣ ಆಯ್ಕೆಗಳಿಂದ ಅದು ರೂಪುಗೊಳ್ಳುತ್ತದೆ.

ಸಂಕೋಲೆಯೊಳಗೂ ಆಯ್ಕೆಗಳಿವೆ ಎಂಬುದು ಯೋಸೇಫನ ಕಥೆಯ ಪಾಠವೂ ಹೌದು. ಗುಂಡಿಗೆ ಎಸೆಯಲ್ಪಟ್ಟವನು, ಮಾರಲ್ಪಟ್ಟವನು, ಸುಳ್ಳಾರೋಪದಿಂದ ಸೆರೆಗೆ ಬಿದ್ದವನು, ಸಹಬಂದಿಗಳ ಮುಖ ಕಳೆಗುಂದಿರುವುದನ್ನು ಗಮನಿಸಿ ಕಾರಣ ಕೇಳುತ್ತಾನೆ (ಆದಿಕಾಂಡ 40:6–7). ಬಿಡುಗಡೆಯ ದಾರಿಯು ಆ ಒಂದು ವಿಚಾರಣೆಯಿಂದ ತೆರೆಯುತ್ತದೆ. ‘ಔಟ್ ಆಫ್ ದ ಅಬಿಸ್’ ತನ್ನ ಉತ್ತಮ ಭಾಗಗಳಲ್ಲಿ ಆಡುವವರನ್ನು ಇದೇ ಬಗೆಯ ಗಮನಕ್ಕೆ ಕರೆಯುತ್ತದೆ. ಅದರ ದೋಷ ಬೇರೆಡೆಯಿದೆ: ಆಳದ ಲೋಕದ ಭೀಕರತೆಯಿಂದ ಮನಸ್ಸು ಕದಡುವುದನ್ನು ಅದು ದಾಳದ ಪಟ್ಟಿಯೊಂದಕ್ಕೆ ಒಪ್ಪಿಸಿಬಿಡುತ್ತದೆ. ಬೆಳಕಿಲ್ಲದ ಕೋಣೆಯಲ್ಲಿ ಮನುಷ್ಯನ ಚಿತ್ತಕ್ಕೆ ನಿಜವಾಗಿ ಏನಾಗುತ್ತದೆಂಬುದನ್ನು ಆ ಪಟ್ಟಿ ಹೇಳಲಾರದು.

5. ಹಿಂಸೆಯು ಸತ್ಯವನ್ನು ಹೊರಗೆಡಹುತ್ತದೆಯೇ?

ಆಟಗಳಲ್ಲಿ ಚಿತ್ರಹಿಂಸೆಯು ಸಾಮಾನ್ಯವಾಗಿ ಒಂದು ನೆಪದಿಂದ ಪ್ರವೇಶಿಸುತ್ತದೆ: ಗುಟ್ಟನ್ನು ಬಾಯಿಬಿಡಿಸಬೇಕು. ಆದರೆ ಆಟದ ಲೋಕವೇ ಈ ನೆಪವನ್ನು ಸುಳ್ಳು ಮಾಡುತ್ತದೆ. ಆ ಲೋಕದಲ್ಲಿ ತನ್ನ ವಲಯದೊಳಗಿರುವವರು ಅರಿತೂ ಅರಿತೂ ಸುಳ್ಳಾಡದಂತೆ ತಡೆಯುವ ಮಂತ್ರವಿದೆ. ಎದುರಿಗಿರುವವನ ಆಲೋಚನೆಯನ್ನು ಓದುವ ಮಂತ್ರವಿದೆ. ಇಷ್ಟಿದ್ದೂ ಖಳನು ಕಾಯಿಸಿದ ಕಬ್ಬಿಣವನ್ನು ಎತ್ತಿಕೊಂಡರೆ ಅವನಿಗೆ ಬೇಕಾದದ್ದು ಮಾಹಿತಿಯಲ್ಲ. ಎಲೇನ್ ಸ್ಕ್ಯಾರಿ 1985ರ ‘ದ ಬಾಡಿ ಇನ್ ಪೇನ್’ ಗ್ರಂಥದಲ್ಲಿ ವಾದಿಸಿದ್ದೂ ಇದನ್ನೇ. ವಿಚಾರಣೆಯ ಪ್ರಶ್ನೆಯು ಹಿಂಸೆಗೆ ಕಾರಣವೆಂಬಂತೆ ತೋರುತ್ತದೆ. ವಾಸ್ತವದಲ್ಲಿ ಅದು ಹಿಂಸೆಗೆ ಹೊದಿಸಿದ ಮುಸುಕು. ನೋವು ಬಂದಿಯ ಭಾಷೆಯನ್ನೂ ಅವನ ಲೋಕವನ್ನೂ ಕುಸಿಯುವಂತೆ ಮಾಡುತ್ತದೆ, ಆ ಕುಸಿತವೇ ಹಿಂಸಕನ ಅಧಿಕಾರದ ಪ್ರದರ್ಶನವಾಗುತ್ತದೆ. ಅಮೆರಿಕದ ಸೆನೆಟ್ ಗುಪ್ತಚರ ಸಮಿತಿಯು 2014ರಲ್ಲಿ ಪ್ರಕಟಿಸಿದ ವರದಿಯೂ, ಸಿಐಎ ಸಂಸ್ಥೆಯ ಕಠೋರ ವಿಚಾರಣಾ ವಿಧಾನಗಳು ಮಾಹಿತಿ ಪಡೆಯುವ ಪರಿಣಾಮಕಾರಿ ಸಾಧನವಾಗಿರಲಿಲ್ಲವೆಂಬ ತೀರ್ಮಾನಕ್ಕೆ ಬಂದಿತು.

ಸಭೆಗೆ ಇದು ಹೊಸ ಜ್ಞಾನವಾಗಬೇಕಾಗಿರಲಿಲ್ಲ. ಅಗಸ್ಟೀನನು ‘ದೇವನಗರ’ದ 19ನೆಯ ಪುಸ್ತಕದ 6ನೆಯ ಅಧ್ಯಾಯದಲ್ಲಿ, ಸತ್ಯವನ್ನರಿಯದ ನ್ಯಾಯಾಧೀಶನು ನಿರ್ದೋಷಿಯನ್ನು ಹಿಂಸೆಗೆ ಒಪ್ಪಿಸುವ ದುರವಸ್ಥೆಯನ್ನು ಕಂಡು ಮರುಗುತ್ತಾನೆ. ಒಂದನೆಯ ನಿಕೊಲಾಸ್ ಪೋಪರು 866ರಲ್ಲಿ ಬಲ್ಗೇರಿಯದವರಿಗೆ ಬರೆದ ಪತ್ರದಲ್ಲಿ, ಬಲಾತ್ಕಾರದಿಂದ ತಪ್ಪೊಪ್ಪಿಗೆ ಪಡೆಯುವುದನ್ನು ಖಂಡಿಸಿದರು. ಆದರೂ 1252ರಲ್ಲಿ ನಾಲ್ಕನೆಯ ಇನ್ನೊಸೆಂಟ್ ಪೋಪರು ಪಾಷಂಡಿಗಳೆನಿಸಿದವರ ಮೇಲೆ ಚಿತ್ರಹಿಂಸೆಯನ್ನು ಪ್ರಯೋಗಿಸಲು ಅನುಮತಿಯಿತ್ತರು. ಆಟದ ಪುಸ್ತಕದಲ್ಲಿರುವ ಆ ಸಲಕರಣೆಗಳ ಪಟ್ಟಿಗೆ ನಮ್ಮ ಸಭೆಯ ಇತಿಹಾಸವೂ ತನ್ನ ಪಾಲನ್ನು ಕೊಟ್ಟಿದೆ. ಇದನ್ನು ಮರೆತು ಯುವಜನರ ಆಟವನ್ನು ತೀರ್ಪಿಗೆ ಒಳಪಡಿಸುವ ಹಕ್ಕು ನಮಗಿಲ್ಲ.

6. ಸೈನಿಕರ ಆಟ

ಯಾತನಾಕಥನಗಳಲ್ಲಿ ಒಂದು ಆಟವಿದೆ, ಮತ್ತು ಅದು ಪಾತ್ರಾಭಿನಯದ ಆಟವೇ. ಕಾವಲುಗಾರರು ಯೇಸುವಿನ ಕಣ್ಣಿಗೆ ಬಟ್ಟೆ ಕಟ್ಟಿ, ಹೊಡೆದವರಾರೆಂದು ಪ್ರವಾದಿಯಂತೆ ಹೇಳೆಂದು ಕೇಳುತ್ತಾರೆ (ಲೂಕ 22:63–64). ರೋಮಿನ ಸೈನಿಕರು ಅವನಿಗೆ ರಾಜನ ವೇಷ ತೊಡಿಸಿ, ಮುಳ್ಳಿನ ಕಿರೀಟವಿಟ್ಟು, ಮೊಣಕಾಲೂರಿ ನಮಸ್ಕರಿಸುತ್ತಾರೆ (ಮಾರ್ಕ 15:16–20). ಹಿಂದಿನ ಕಾಲದಲ್ಲಿ ಫಿಲಿಷ್ಟಿಯರೂ ಕಣ್ಣು ಕಿತ್ತ ಸಂಸೋನನನ್ನು ಸೆರೆಯಿಂದ ಹೊರಗೆ ತರಿಸಿದ್ದು ತಮ್ಮ ವಿನೋದಕ್ಕಾಗಿ (ನ್ಯಾಯಸ್ಥಾಪಕರು 16:25). ಹಿಂಸೆಯು ತನ್ನಷ್ಟಕ್ಕೆ ತಾನೇ ನಾಟಕಕ್ಕೆ ತಿರುಗುತ್ತದೆ. ಬಂದಿಗೆ ಪಾತ್ರವೊಂದನ್ನು ಕೊಡುತ್ತದೆ, ಆದರೆ ಮಾತನ್ನು ಕೊಡುವುದಿಲ್ಲ.

ಆದುದರಿಂದ ಕ್ರೈಸ್ತ ವಿಮರ್ಶೆಯ ಮೊದಲ ಪ್ರಶ್ನೆ ‘ಹಿಂಸೆಯನ್ನು ಆಟದಲ್ಲಿ ತರಬಹುದೇ?’ ಎಂಬುದಲ್ಲ. ಸುವಾರ್ತೆಗಳೇ ಅದನ್ನು ಕಥೆಯೊಳಗೆ ತಂದಿವೆ. ಕಣ್ಣು ಯಾರ ಪಕ್ಕದಲ್ಲಿ ಕುಳಿತಿದೆ, ಬಾಯಿ ಯಾರದು ಎಂಬುದೇ ಪ್ರಶ್ನೆ. ಸೈನಿಕರ ಆಟವನ್ನು ಸುವಾರ್ತೆಯು ಸೈನಿಕರ ಕಣ್ಣಿನಿಂದ ಹೇಳುವುದಿಲ್ಲ. ಕೊರಡೆಯ ಏಟಿಗೆ ಒಂದು ಕ್ರಿಯಾಪದ ಸಾಕಾಗುತ್ತದೆ. ಫಿಲಿಪ್ಪಿಯಲ್ಲಿ ಪೌಲಸೀಲರ ಹೊಡೆತವೂ ಹಾಗೆಯೇ ಸಂಕ್ಷಿಪ್ತ. ಅನಂತರದ ಕಥೆಯಾದರೋ ವಿಸ್ತಾರ. ನಡುರಾತ್ರಿಯ ಹಾಡು, ಕೇಳುತ್ತಿದ್ದ ಇತರ ಬಂದಿಗಳು, ಗಾಯ ತೊಳೆದ ಸೆರೆಯಧಿಕಾರಿ, ಅಧಿಕಾರಿಗಳೇ ಖುದ್ದಾಗಿ ಬಂದು ಬಿಡಿಸಲಿ ಎಂಬ ಪೌಲನ ಪಟ್ಟು (ಅಪೊಸ್ತಲರ ಕೃತ್ಯಗಳು 16:23–39). ಯೆರೆಮೀಯನನ್ನು ಕೆಸರಿನ ಬಾವಿಗೆ ಇಳಿಸಿದ್ದನ್ನು ಒಂದು ವಚನ ಹೇಳಿ ಮುಗಿಸುತ್ತದೆ. ಆದರೆ ಎಬೆದ್ಮೆಲೆಕನು ಅವನನ್ನು ಮೇಲೆತ್ತುವಾಗ, ಹಗ್ಗವು ಕಂಕುಳನ್ನು ಕೊಯ್ಯದಿರಲೆಂದು ಹಳೆಯ ಚಿಂದಿಬಟ್ಟೆಗಳನ್ನು ಹುಡುಕಿ ತಂದು ಇಳಿಬಿಟ್ಟದ್ದನ್ನು ಶಾಸ್ತ್ರವು ಬಿಡದೆ ಬರೆದಿಟ್ಟಿದೆ (ಯೆರೆಮೀಯ 38:6–13). ಕಥೆಯ ಕಾಲವನ್ನು ಎಲ್ಲಿ ವ್ಯಯಿಸಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಎರಡನೆಯ ಮಕ್ಕಬಿಯರ 7ನೆಯ ಅಧ್ಯಾಯವು ಏಳು ಸಹೋದರರ ಹಿಂಸೆಯನ್ನು ವಿವರವಾಗಿಯೇ ವರ್ಣಿಸುತ್ತದೆ. ಹುತಾತ್ಮರ ಚರಿತ್ರೆಗಳೂ ಅಷ್ಟೆ. ಆಕ್ಷೇಪವು ಸರಿಯಾದುದೇ. ಆದರೆ ಅಲ್ಲಿ ಒಬ್ಬೊಬ್ಬ ಸಹೋದರನೂ ಮಾತನಾಡುತ್ತಾನೆ, ತಾಯಿಯೂ ಮಾತನಾಡುತ್ತಾಳೆ. 203ರಲ್ಲಿ ಕಾರ್ಥೇಜಿನಲ್ಲಿ ಹತಳಾದ ಪೆರ್ಪೆತುವಾ ತನ್ನ ಸೆರೆವಾಸದ ವೃತ್ತಾಂತವನ್ನು ತಾನೇ ಹೇಳಿದ್ದಾಳೆಂಬುದು ಆ ಗ್ರಂಥದ ಹಿರಿಮೆ. ಅಳತೆಗೋಲು ವರ್ಣನೆಯ ಉದ್ದವಲ್ಲ, ದನಿ ಯಾರದೆಂಬುದು.

ಈ ಆಟಗಳ ಕಲ್ಪನಾಲೋಕವು ಬಹಳಷ್ಟನ್ನು ಎರವಲು ಪಡೆದದ್ದು ಜೆ. ಆರ್. ಆರ್. ಟೋಲ್ಕಿನ್‌ನಿಂದ, ಅವನು ಶ್ರದ್ಧಾವಂತ ಕಥೋಲಿಕ. 1955ರ ‘ದ ರಿಟರ್ನ್ ಆಫ್ ದ ಕಿಂಗ್’ನಲ್ಲಿ ಫ್ರೋಡೋ ಶತ್ರುಗೋಪುರದಲ್ಲಿ ಬಂದಿಯಾಗುತ್ತಾನೆ, ಬಟ್ಟೆ ಕಸಿದುಕೊಂಡು ಅವನನ್ನು ಪ್ರಶ್ನಿಸುತ್ತಾರೆ, ಹೊಡೆಯುತ್ತಾರೆ. ಆದರೆ ಕಥೆಯು ಹಿಂಸಕರ ಪಕ್ಕದಲ್ಲಿ ಕೂರುವುದಿಲ್ಲ. ಹುಡುಕಿ ಬರುವ ಸ್ಯಾಮ್‌ನ ಜೊತೆ ಮೆಟ್ಟಿಲೇರುತ್ತದೆ. ಸ್ಯಾಮ್ ಸೋತು ಕುಳಿತು ಹಾಡುತ್ತಾನೆ. ಮೇಲಿನಿಂದ ಕ್ಷೀಣವಾದ ದನಿಯೊಂದು ಓಗೊಡುತ್ತದೆ. ಫಿಲಿಪ್ಪಿಯ ಸೆರೆಯನ್ನು ನೆನಪಿಸುವ ದೃಶ್ಯವಿದು. ಆದರೂ ಅದೇ ಕೃತಿಯ ಮೊದಲ ಸಂಪುಟದಲ್ಲಿ, ಸೆರೆಸಿಕ್ಕ ಗೊಲ್ಲಮ್‌ನಿಂದ ನಿಜ ಹೊರಡಿಸಲು ಬೆಂಕಿಯ ಭಯವನ್ನು ಒಡ್ಡಬೇಕಾಯಿತೆಂದು ಜ್ಞಾನಿಯಾದ ಗ್ಯಾಂಡಾಲ್ಫನೇ ಹೇಳುತ್ತಾನೆ. ಒಳ್ಳೆಯವರ ಕೈಯಲ್ಲಿರುವ ಬಂದಿಯ ಪ್ರಶ್ನೆಯನ್ನು ಟೋಲ್ಕಿನ್ ಪೂರ್ತಿಯಾಗಿ ಬಗೆಹರಿಸಲಿಲ್ಲ. ಅವನ ಹಾದಿಯಲ್ಲಿ ಬಂದ ಆಟಗಳು ಅದನ್ನು ಬಗೆಹರಿಸಲು ಯತ್ನಿಸಿದ್ದೂ ಕಡಿಮೆ. ತಮ್ಮ ಪಾತ್ರ ಸೆರೆಯಾದರೆ ನೊಂದುಕೊಳ್ಳುವ ಆಡುಗರೇ, ತಾವು ಹಿಡಿದ ಗಾಬ್ಲಿನ್ ಬಂದಿಯ ಬೆರಳನ್ನು ಮುರಿದು ದಾರಿ ಕೇಳುವುದಕ್ಕೆ ಹಿಂಜರಿಯದಿರುವುದುಂಟು. ಇಬ್ರಿಯರ ಪತ್ರಿಕೆಯ ‘ಎಂಬಂತೆ’ಯ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ.

7. ಮುರಿದವರು ಮತ್ತು ಗಾಯದ ಗುರುತು

ನಿರೂಪಕನು ಮಾಡಬಹುದಾದ ಅತ್ಯಂತ ದೊಡ್ಡ ತಪ್ಪೆಂದರೆ, ‘ನೋವನ್ನು ತಾಳಲಾರದೆ ನೀನು ಎಲ್ಲವನ್ನೂ ಹೇಳಿಬಿಡುತ್ತೀ’ ಎಂದು ತಾನೇ ತೀರ್ಮಾನಿಸುವುದು. ಸ್ಕ್ಯಾರಿ ವರ್ಣಿಸಿದ ದನಿಗಳವನ್ನು ಆ ವಾಕ್ಯವು ಮೇಜಿನ ಸುತ್ತಲೇ ಪುನರಾವರ್ತಿಸುತ್ತದೆ. ಪಾತ್ರದ ದನಿಯನ್ನು ಖಳನು ಕಸಿದರೆ ಅದು ಕಥೆ. ಆಡುವವನ ದನಿಯನ್ನು ನಿರೂಪಕನು ಕಸಿದರೆ ಅದು ಸಣ್ಣ ಪ್ರಮಾಣದ್ದಾದರೂ ನಿಜವಾದ ದಬ್ಬಾಳಿಕೆ. ಪೇತ್ರನು ಮೂರು ಸಾರಿ ಅಲ್ಲಗಳೆಯುವನೆಂದು ಮೊದಲೇ ತಿಳಿದಿದ್ದರೂ ಕರ್ತನು ಅವನ ಬಾಯಿಂದ ಆ ಮಾತನ್ನು ಹೊರಡಿಸಲಿಲ್ಲ. ಆಡುವವನನ್ನೇ ಕೇಳಬೇಕು: ‘ನೀನು ಏನು ಹೇಳುತ್ತೀ? ಸುಳ್ಳು ಹೇಳುವೆಯೋ, ಮೌನವಾಗಿರುವೆಯೋ, ಮುರಿಯುವೆಯೋ?’ ಮುರಿಯುವುದನ್ನು ಆಡುವವನೇ ಆರಿಸಿಕೊಂಡರೆ ಅದು ಕಥೆಯ ಗಂಭೀರವಾದ ಘಟ್ಟವಾದೀತು.

ಏಕೆಂದರೆ ಮುರಿದ ಮೇಲೆಯೂ ಕಥೆಯಿದೆ. 250ರಲ್ಲಿ ಡೇಸಿಯಸ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ ಬಿದ್ದುಹೋದವರನ್ನು ಏನು ಮಾಡಬೇಕೆಂಬುದು ಸಭೆಯನ್ನೇ ಸೀಳಿದ ಪ್ರಶ್ನೆಯಾಯಿತು. ನೊವಾಷಿಯನ್ನನು ಬಾಗಿಲು ಮುಚ್ಚಿದನು. ಕಾರ್ಥೇಜಿನ ಸಿಪ್ರಿಯಾನನು 251ರ ತನ್ನ ಗ್ರಂಥದಲ್ಲಿ, ಕರೆಯುವ ಮುನ್ನವೇ ಓಡಿಹೋಗಿ ಬಲಿಯರ್ಪಿಸಿದವರನ್ನೂ ಹಿಂಸೆಯ ತುದಿಯವರೆಗೆ ತಾಳಿ ದೇಹ ಸೋತವರನ್ನೂ ಬೇರ್ಪಡಿಸಿ ನೋಡಿದನು. 1966ರ ಶುಸಾಕು ಎಂಡೋ ಅವರ ‘ಮೌನ’ ಕಾದಂಬರಿಯು ಇದೇ ಪ್ರಶ್ನೆಯನ್ನು ಇನ್ನೂ ಬಿಗಿಗೊಳಿಸುತ್ತದೆ: ಅಲ್ಲಿ ಪಾದ್ರಿ ರೊದ್ರಿಗಸ್‌ನನ್ನು ಮುರಿಯುವುದು ತನ್ನ ನೋವಲ್ಲ, ಇತರರ ನರಳಾಟ. ಸೆರೆಯ ಕಥೆಯನ್ನು ಆಡಲೇಬೇಕೆಂದಿರುವವರು ತಪ್ಪಿಸಿಕೊಂಡ ರಾತ್ರಿಗೆ ಕಥೆಯನ್ನು ಮುಗಿಸದೆ, ಗುಟ್ಟು ಹೇಳಿದವನನ್ನು ಒಡನಾಡಿಗಳು ಹೇಗೆ ಮರಳಿ ಸ್ವೀಕರಿಸಿದರು ಎಂಬಲ್ಲಿಗೆ ಅದನ್ನು ಒಯ್ದರೆ, ಆ ಮೇಜಿನಲ್ಲಿ ಸಿಪ್ರಿಯಾನನ ಸಭೆಯ ಪ್ರಶ್ನೆಯೇ ಚರ್ಚೆಯಾದಂತೆ.

ಇಲ್ಲಿ ಆಟದ ನಿಯಮವೇ ಒಂದು ತೊಡಕು. ಆಟವು ದೇಹವನ್ನು ‘ಹಿಟ್ ಪಾಯಿಂಟ್’ ಎಂಬ ಅಂಕೆಯಾಗಿ ಎಣಿಸುತ್ತದೆ. 2014ರ ಐದನೆಯ ಆವೃತ್ತಿಯ ನಿಯಮದಂತೆ ಎಂಟು ಗಂಟೆಗಳ ವಿಶ್ರಾಂತಿಯ ಬಳಿಕ ಕಳೆದುಕೊಂಡ ಅಂಕೆಯೆಲ್ಲ ತುಂಬಿಬರುತ್ತದೆ. ಹಿಂಸೆಗೊಳಗಾದವನು ಒಂದು ರಾತ್ರಿ ಮಲಗಿ ಎದ್ದರೆ ಏನೂ ಆಗದವನಂತೆ ನಡೆಯುತ್ತಾನೆ. ಪುನರುತ್ಥಾನದ ನಂಬಿಕೆಯು ಇದಕ್ಕೆ ವ್ಯತಿರಿಕ್ತ. ಮರಣವನ್ನೇ ಜಯಿಸಿದ ದೇಹವು ಮೊಳೆಗಳ ಗುರುತನ್ನು ಅಳಿಸಿಕೊಳ್ಳಲಿಲ್ಲ. ತೋಮನಿಗೆ ಕರ್ತನು ಅವುಗಳನ್ನೇ ತೋರಿಸಿದನು (ಯೋಹಾನ 20:27). ಗುಣವಾಗುವುದು ಎಂದರೆ ಏನೂ ನಡೆಯಲಿಲ್ಲವೆಂಬಂತೆ ಇರುವುದಲ್ಲ. ಗಾಯವು ಸಾಕ್ಷಿಯಾಗಿ ಮಾರ್ಪಡುವುದನ್ನೇ ಸುವಾರ್ತೆಯು ಗುಣವೆಂದು ಕರೆಯುತ್ತದೆ.

8. ಸಭಾಪಾಲಕರಿಗೆ ಕೆಲವು ಮಾತುಗಳು

ಯುವಜನರ ನಡುವೆ ಸೇವೆಮಾಡುವವರು ಈ ಆಟಗಳನ್ನು ಸಾರಾಸಗಟಾಗಿ ನಿಷೇಧಿಸುವ ಮುನ್ನ, ಆಡುವವರೇ ರೂಪಿಸಿಕೊಂಡಿರುವ ಶಿಸ್ತುಗಳನ್ನು ಅರಿಯುವುದು ಒಳ್ಳೆಯದು. ರಾನ್ ಎಡ್ವರ್ಡ್ಸ್ 2003ರಲ್ಲಿ ಬಳಕೆಗೆ ತಂದ ವಿಂಗಡಣೆಯನ್ನು ಕನ್ನಡದಲ್ಲಿ ಗೆರೆ ಮತ್ತು ತೆರೆ ಎನ್ನಬಹುದು. ಯಾವ ಸಂಗತಿಯು ಕಥೆಯಲ್ಲಿ ಬರಲೇಕೂಡದೋ ಅದು ಗೆರೆಯ ಆಚೆ. ಯಾವುದು ನಡೆದರೂ ವರ್ಣನೆಗೆ ಒಳಪಡಬಾರದೋ ಅದು ತೆರೆಯ ಮರೆಯಲ್ಲಿ. ಆಟಕ್ಕೆ ಮುಂಚೆಯೇ ಎಲ್ಲರೂ ಕೂಡಿ ಇದನ್ನು ಗೊತ್ತುಮಾಡಿಕೊಳ್ಳುತ್ತಾರೆ. ಜಾನ್ ಸ್ಟಾವ್ರೊಪೌಲೊಸ್ ರೂಪಿಸಿದ ‘ಎಕ್ಸ್ ಕಾರ್ಡ್’ ಇನ್ನೂ ಸರಳ: ಮೇಜಿನ ಮೇಲೆ ಗುರುತು ಹಾಕಿದ ಒಂದು ಚೀಟಿ ಇರುತ್ತದೆ, ದೃಶ್ಯವು ಸಹಿಸಲಾಗದಂತಾದಾಗ ಯಾರಾದರೂ ಅದನ್ನು ಮುಟ್ಟಿದರೆ, ಕಾರಣ ಕೇಳದೆ ಆ ದೃಶ್ಯವನ್ನು ಕೈಬಿಡಲಾಗುತ್ತದೆ.

ಕಾರಣ ಕೇಳದಿರುವುದು ಇಲ್ಲಿ ಮುಖ್ಯ. ಮೇಜಿನ ಸುತ್ತ ಕುಳಿತವರಲ್ಲಿ ಮನೆಯಲ್ಲಿಯೋ ಠಾಣೆಯಲ್ಲಿಯೋ ನಿಜವಾಗಿ ಏಟು ತಿಂದವರು ಇರಬಹುದು. ಅವರು ತಮ್ಮ ಕಥೆಯನ್ನು ಹೇಳಿಕೊಂಡೇ ರಕ್ಷಣೆ ಪಡೆಯಬೇಕಾದ ಪ್ರಮೇಯ ಬರಬಾರದು. ಬಲಹೀನ ಸಹೋದರನ ಮನಸ್ಸಾಕ್ಷಿಯ ನಿಮಿತ್ತ ತನ್ನ ಸ್ವಾತಂತ್ರ್ಯವನ್ನು ಬಿಟ್ಟುಕೊಡುವುದನ್ನು ಪೌಲನು ಕೊರಿಂಥದವರಿಗೆ ಕಲಿಸಿದನು (1 ಕೊರಿಂಥ 8:9–13). ಸಭೆಯ ಹೊರಗಿನವರು ಈ ವಿವೇಕವನ್ನು ಆಟದ ಮೇಜಿನಲ್ಲಿ ಆಚರಣೆಗೆ ತಂದಿರುವಾಗ, ಅದನ್ನು ಗೌರವದಿಂದ ಗುರುತಿಸುವುದು ನಮಗೆ ತಕ್ಕದ್ದು. ಅದರ ಮೇಲೆ ನಾವು ಸೇರಿಸಬಹುದಾದದ್ದು ಒಂದು ಪ್ರಶ್ನೆಯನ್ನು: ಈ ಶಿಸ್ತು ಆಡುವವರನ್ನು ಕಾಪಾಡುತ್ತದೆ, ಕಥೆಯಲ್ಲಿ ಅವರ ಕೈಗೆ ಸಿಕ್ಕ ಬಂದಿಯನ್ನು ಕಾಪಾಡುವವರಾರು?

9. ಉಪಸಂಹಾರ

ವಿಲಿಯಂ ಕ್ಯಾವನಾ 1998ರ ‘ಟಾರ್ಚರ್ ಅಂಡ್ ಯೂಕರಿಸ್ಟ್’ ಗ್ರಂಥದಲ್ಲಿ ಪಿನೊಚೆಟ್ ಆಳ್ವಿಕೆಯ ಚಿಲಿ ದೇಶವನ್ನು ಅಧ್ಯಯನ ಮಾಡಿ, ಚಿತ್ರಹಿಂಸೆಯು ಒಂದು ವಿಕೃತ ಆರಾಧನಾವಿಧಿಯೆಂದು ನಿರೂಪಿಸಿದರು. ಅದು ದೇಹಗಳನ್ನು ಒಂದರಿಂದೊಂದು ಬಿಡಿಸಿ ಒಂಟಿಯಾಗಿಸುತ್ತದೆ; ಕರ್ತನ ಭೋಜನವು ಬಿಡಿಯಾದವರನ್ನು ಒಂದೇ ದೇಹವಾಗಿ ಕೂಡಿಸುತ್ತದೆ. ಅಲ್ಲಿನ ಕೆಲವು ಬಿಷಪರು ಹಿಂಸಕರನ್ನು ಸಭೆಯ ಅನ್ಯೋನ್ಯತೆಯಿಂದ ಹೊರಗಿರಿಸಿದರು. ಮೇಜಿನ ಸುತ್ತ ಕುಳಿತು ಮಾಡುವ ಕಲ್ಪನೆಗಳಿಗೂ ಇದೇ ಅಳತೆಗೋಲನ್ನು ಹಿಡಿಯಬಹುದು. ಈ ಕಥೆಯು ನಮ್ಮನ್ನು ಬಂದಿಯೊಡನೆ ಕೂಡಿಸುತ್ತಿದೆಯೋ, ಅವನಿಂದ ಬಿಡಿಸುತ್ತಿದೆಯೋ?

ಪ್ರಶ್ನೆಯು ಆಟದ ಗಡಿಯೊಳಗೆ ನಿಲ್ಲುವಂಥದಲ್ಲ. ವಿಶ್ವಸಂಸ್ಥೆಯು 1984ರಲ್ಲಿ ಅಂಗೀಕರಿಸಿದ ಚಿತ್ರಹಿಂಸಾ ವಿರೋಧಿ ಒಡಂಬಡಿಕೆಗೆ ಭಾರತವು 1997ರಲ್ಲಿ ಸಹಿ ಹಾಕಿತು. ಆದರೆ ಅದನ್ನು ಸ್ಥಿರೀಕರಿಸಿಲ್ಲ. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಯೇಸುಸಭೆಯ ಪಾದ್ರಿ ಸ್ಟಾನ್ ಸ್ವಾಮಿಯವರು 2020ರ ಅಕ್ಟೋಬರಿನಲ್ಲಿ, 83ನೆಯ ವಯಸ್ಸಿನಲ್ಲಿ, ಬಂಧಿತರಾದರು. ಪಾರ್ಕಿನ್‌ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಅವರು ನೀರು ಕುಡಿಯಲು ಕೊಳವೆಯುಳ್ಳ ಲೋಟಕ್ಕಾಗಿ ನ್ಯಾಯಾಲಯದ ಮೊರೆ ಹೋಗಬೇಕಾಯಿತು. ವಿಚಾರಣೆ ಆರಂಭವಾಗುವ ಮುನ್ನವೇ, 2021ರ ಜುಲೈ 5ರಂದು, ಬಂಧನದ ಅವಧಿಯಲ್ಲಿಯೇ ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ನಡುಗುವ ಕೈಗೆ ಲೋಟವೊಂದು ಏನಾಗಿರುತ್ತದೆಂಬುದನ್ನು ಊಹಿಸಲು ಬೇಕಾದದ್ದು ಶಾಸನದ ಜ್ಞಾನಕ್ಕಿಂತ ಮೊದಲು ಕಲ್ಪನಾಶಕ್ತಿ. ಎಬೆದ್ಮೆಲೆಕನಿಗೆ ಅದಿತ್ತು, ಆದ್ದರಿಂದಲೇ ಅವನು ಹಗ್ಗದ ಜೊತೆಗೆ ಚಿಂದಿಬಟ್ಟೆಗಳನ್ನೂ ಹುಡುಕಿದನು.

ಪಾತ್ರಾಭಿನಯದ ಆಟಗಳು ಈ ಶಕ್ತಿಯನ್ನು ಬೆಳೆಸಬಲ್ಲವು, ಕೆಡಿಸಲೂ ಬಲ್ಲವು. ಸೆರೆಯನ್ನು ಆಡಿ ಎದ್ದ ಯುವಕನು ಮರುದಿನದ ಪತ್ರಿಕೆಯಲ್ಲಿ ಠಾಣೆಯೊಂದರ ಸುದ್ದಿಯನ್ನು ಓದುವಾಗ ಕೊಂಚ ಹೊತ್ತು ನಿಂತರೆ ಆಟವು ಒಳ್ಳೆಯದನ್ನೇ ಮಾಡಿತು. ನಿಲ್ಲದೆ ಪುಟ ತಿರುಗಿಸಿದರೆ ತಪ್ಪು ಆಟದ್ದು ಮಾತ್ರವಲ್ಲ. ಸೆರೆಯವರನ್ನು ನೆನೆಯುವುದು ಹೇಗೆಂದು ಅವನಿಗೆ ಕಲಿಸಬೇಕಾಗಿದ್ದ ಸಭೆಯದೂ ಹೌದು.